ಗಾಯಕ್ಕೆ ಮದ್ದು, ಕನಸಿಗೆ ಕೇಡು

ಸುಶ್ರುತ ಸಂಹಿತೆಯಲ್ಲಿ ಜೇನಿಗೆ ಎರಡು ಮುಖ. ಗಾಯಕ್ಕೆ ಜೇನು ಮತ್ತು ತುಪ್ಪ ಬೆರೆಸಿ ಹಚ್ಚಲು ಹೇಳುವ ಅದೇ ಗ್ರಂಥ, ರೋಗಿಗೆ ಜೇನನ್ನೋ ಎಣ್ಣೆಯನ್ನೋ ಕುಡಿದಂತೆ ಕನಸು ಬಿದ್ದರೆ ಅದು ಕೇಡಿನ ಸೂಚನೆ ಎನ್ನುತ್ತದೆ. ಪುರಾಣದಲ್ಲಂತೂ ಜೇನು ವೈದ್ಯರ ಸೊತ್ತೇ. ದೇವವೈದ್ಯರಾದ ಅಶ್ವಿನೀದೇವತೆಗಳಿಗೆ ದಧ್ಯಂಚ ಋಷಿ ಕುದುರೆಯ ತಲೆ ಧರಿಸಿ ಮಧುವಿದ್ಯೆ ಕಲಿಸಿದ ಕಥೆಯ ಸುಳಿವು ಋಗ್ವೇದದಲ್ಲೇ ಇದೆ. ಈಜಿಪ್ಟಿನವರಿಗೆ ಜೇನ್ನೊಣವೆಂದರೆ ಸೂರ್ಯದೇವ ‘ರಾ’ನ ಕಣ್ಣೀರು. ಕ್ರಿ.ಪೂ. 1600ರ ಸುಮಾರಿನ ಅವರ ಎಡ್ವಿನ್ ಸ್ಮಿತ್ ಪಪೈರಸ್ ಕೂಡ ಗಾಯಕ್ಕೆ ಕೊಬ್ಬು, ಜೇನು, ನಾರಿನ ಪಟ್ಟಿ ಕಟ್ಟಲು ಹೇಳುತ್ತದೆ.

ಕನಸಿನ ಫಲಕ್ಕೆ ಆಧಾರವಿಲ್ಲ. ಗಾಯದ ಮಾತಿಗೆ ಇದೆ, ಅದೂ ಬಹಳ ಸೊಗಸಾದ ಆಧಾರ.

ಜೇನಿನಲ್ಲಿ ಸುಮಾರು ಶೇ. 80ರಷ್ಟು ಸಕ್ಕರೆ, ಉಳಿದದ್ದು ಬಹುಪಾಲು ನೀರು. ಆ ನೀರನ್ನೂ ಸಕ್ಕರೆ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದರೊಳಗೆ ಬಿದ್ದ ಬ್ಯಾಕ್ಟೀರಿಯಾದ ಮೈಯಿಂದಲೇ ನೀರು ಹೊರಗೆ ಸೆಳೆದು ಹೋಗುತ್ತದೆ. ಜೊತೆಗೆ ಜೇನಿನ ಪಿಎಚ್ 4ರ ಆಸುಪಾಸು. ಆ ಹುಳಿಯಲ್ಲಿ ಹೆಚ್ಚಿನ ರೋಗಾಣುಗಳು ಬೆಳೆಯಲಾರವು. ಇನ್ನೊಂದು ಅಸ್ತ್ರವನ್ನು ಇಡುವುದು ನೊಣವೇ. ಮಕರಂದವನ್ನು ಜೇನಾಗಿಸುವಾಗ ಅದು ತನ್ನ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸೇರಿಸುತ್ತದೆ. ಗಟ್ಟಿ ಜೇನಿನಲ್ಲಿ ಈ ಕಿಣ್ವ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಗಾಯದಿಂದ ಒಸರುವ ದ್ರವ ತಾಗಿ ಜೇನು ತೆಳುವಾದ ಕೂಡಲೇ ಎಚ್ಚೆತ್ತು, ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪ ಸ್ವಲ್ಪವೇ ತಯಾರಿಸತೊಡಗುತ್ತದೆ. ಮದ್ದು ಎಲ್ಲಿ ಬೇಕೋ ಅಲ್ಲಿ, ಬೇಕಾದಾಗಲೇ ಹುಟ್ಟುತ್ತದೆ! ಕಾಯಿಸಿದರೆ ಈ ಕಿಣ್ವ ಹಾಳಾಗುತ್ತದೆ. ಜೇನನ್ನು ಬಿಸಿ ಮಾಡಬಾರದೆಂದು ಆಯುರ್ವೇದವೂ ಹೇಳುತ್ತದೆ, ಅದು ಕೊಡುವ ಕಾರಣ ಬೇರೆ.

ನ್ಯೂಜಿಲೆಂಡಿನ ಮನುಕಾ ಗಿಡದ ಜೇನಿನಲ್ಲಿ ಮಿಥೈಲ್‌ಗ್ಲೈಆಕ್ಸಲ್ ಎಂಬ ಇನ್ನೊಂದು ರೋಗಾಣುನಾಶಕವೂ ಇದೆ. ಜೇನು ಸವರಿದ ಗಾಯದ ಪಟ್ಟಿಗೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಬಳಸುವುದು ಗಾಮಾ ಕಿರಣ ಹಾಯಿಸಿ ಶುದ್ಧಿ ಮಾಡಿದ ಜೇನು. ಅಡುಗೆಮನೆಯ ಸೀಸೆಯದನ್ನು ತೆರೆದ ಗಾಯಕ್ಕೆ ಸುರಿಯಬೇಡಿ.

ಈ ಶುದ್ಧಿಗೆ ಕಾರಣ, ಜೇನಿನೊಳಗೂ ಸಾಯದೆ ಉಳಿಯುವ ಕೆಲವು ಬೀಜಾಣುಗಳು. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅಂಥದ್ದು. ದೊಡ್ಡವರ ಕರುಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದಕ್ಕೆ ಮೊಳೆಯಲು ಬಿಡುವುದಿಲ್ಲ. ಎಳೆಗೂಸಿನ ಕರುಳಿಗೆ ಆ ಕಾವಲು ಇನ್ನೂ ಬಂದಿರುವುದಿಲ್ಲ. ಬೀಜಾಣು ಮೊಳೆತು ವಿಷ ಕಾರಿದರೆ ಮಗುವಿನ ಸ್ನಾಯುಗಳು ಸೋತು ಉಸಿರಾಟವೇ ನಿಲ್ಲಬಹುದು. ಜಾತಕರ್ಮದಲ್ಲಿ ಹಸುಗೂಸಿನ ನಾಲಿಗೆಗೆ ಜೇನು ಸವರುವ ಮನೆಗಳು ಇಂದಿಗೂ ಇವೆ. ಅಜ್ಜಿಯಂದಿರ ಅಕ್ಕರೆಗೆ ಎದುರಾಡುವುದು ಕಷ್ಟ, ಆದರೂ ಮಗುವಿಗೆ ಒಂದು ವರ್ಷ ತುಂಬುವವರೆಗೆ ಒಂದು ತೊಟ್ಟು ಜೇನೂ ಬೇಡ.