'ಈಗಲೇ' ಎನ್ನುವ ಒಂದು ಮಾತು: ಬಳ್ಳಾರಿ ವಿಮ್ಸ್ ಕಲಿಸಿದ ಪಾಠ

ಊರಲ್ಲಿ ನಮ್ಮನ್ನು ಉಸ್ತಾದ್ ಅನ್ನುತ್ತಾರೆ, ಇಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹಜ್ರತ್. ಹೆಸರು ಬೇರೆಯಾದರೂ ಕೆಲಸ ಒಂದೇ. ಮಕ್ಕಳಿಗೆ ಓದಿಸುವುದು, ಮನೆಯವರ ಕಷ್ಟ ಸುಖ ಕೇಳುವುದು.

ಒಂದು ರಾತ್ರಿ ಇಶಾ ಮುಗಿಸಿ ಕೂತಿದ್ದೆವು. ನಮ್ಮ ಮದ್ರಸದ ಹುಡುಗನೊಬ್ಬ ಬಾಟಲಿ ಹಿಡಿದು ಓಡಿ ಬಂದ. "ಹಜ್ರತ್, ಅಬ್ಬಾಗೆ ಬಾಯಿ ಸೊಟ್ಟ ಆಗೇತ್ರಿ, ಬಲಗೈ ಎತ್ತಾಕ ಆಗವಲ್ದು. ನೀರು ಓದಿಸ್ಕೊಂಡ್ ಬಾ ಅಂದಾರ ಅಮ್ಮಿ" ಅಂದ. ಅವನ ತಂದೆ ಜೀನ್ಸ್ ಹೊಲಿಯುವವರು. ನಮ್ಮ ಬಜಾರಿನ ಎಷ್ಟೋ ಮನೆಗಳ ಅನ್ನ ಆ ಹೊಲಿಗೆ ಮೆಷಿನ್ನಿನ ಮೇಲೆಯೇ ನಿಂತಿದೆ.

ನಾವು ಓದಿ ಊದಿ ಕೊಟ್ಟೆವು. "ಡಾಕ್ಟರಿಗೂ ತೋರಿಸಿ" ಎಂದೆವು. ಆದರೆ 'ಈಗಲೇ' ಎಂದು ಹೇಳಲಿಲ್ಲ. ಆ ಒಂದು ಮಾತು ಬಿಟ್ಟುಹೋಯಿತು. ಮರುದಿನ ಅವರು ಲಕ್ವಾಕ್ಕೆ ಎಣ್ಣೆ ತಿಕ್ಕುವವರ ಬಳಿ ಹೋದರು. ಮೂರನೇ ದಿನ ಮಾತು ತೊದಲಿದಾಗ ವಿಮ್ಸ್‌ಗೆ ಕರೆದುಕೊಂಡು ಹೋಗಿದ್ದು. ಜೊತೆಗೆ ನಾವೂ ಇದ್ದೆವು.

ಅಲ್ಲಿ ಒಬ್ಬ ಎಳೆಯ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಇದು: "ಎಷ್ಟು ಗಂಟೆಗೆ ಶುರುವಾಯ್ತು? ಕೊನೆಗೆ ಸರಿಯಾಗಿ ಇದ್ದದ್ದು ಯಾವಾಗ ನೋಡಿದ್ರಿ?" ಯಾಕೆ ಎಂದು ಆಮೇಲೆ ತಿಳಿಯಿತು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆದರೆ, ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ. ಎಲ್ಲರಿಗೂ ಅಲ್ಲ, ಸ್ಕ್ಯಾನ್ ನೋಡಿಯೇ ಕೊಡುವುದು. ಆದರೆ ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಮನೆ ಬಾಗಿಲಿನಿಂದ ಆ ಆಸ್ಪತ್ರೆಗೆ ಆಟೋದಲ್ಲಿ ಕೆಲವೇ ನಿಮಿಷ. ನಾವು ತೆಗೆದುಕೊಂಡದ್ದು ಮೂರು ದಿನ!

ಅಲ್ಲಾಹನ ಕೃಪೆ, ಅವರು ಬದುಕಿದರು. ಆದರೆ ಬಲಗೈ ಮೊದಲಿನಂತಾಗಲಿಲ್ಲ.

ಅರವತ್ತು ವರ್ಷ ದಾಟಿದ ಆಸರೆ

ಇಲ್ಲಿಯ ಹಿರಿಯರು ವಿಮ್ಸ್ ಅನ್ನುವುದಿಲ್ಲ, ದೊಡ್ಡಾಸ್ಪತ್ರೆ ಅನ್ನುತ್ತಾರೆ. ಪೂರ್ತಿ ಹೆಸರು ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಶುರುವಾಯಿತು. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಆಮೇಲೆ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, ಈಗ ಅದರಡಿ ಇದೆ. 2007ರ ಹೊತ್ತಿಗೆ ರಾಯಚೂರು, ಬೀದರ್‌ಗಳಲ್ಲಿ ಸರ್ಕಾರಿ ಕಾಲೇಜುಗಳು ಬರುವವರೆಗೆ ಕಲ್ಯಾಣ ಕರ್ನಾಟಕದ ಬಡವರಿಗೆ ಇದ್ದದ್ದು ಇದೊಂದೇ ಸರ್ಕಾರಿ ಮೆಡಿಕಲ್ ಕಾಲೇಜು. ಕೊಪ್ಪಳಕ್ಕೆ ಕಾಲೇಜು ಬಂದದ್ದು 2015ರಲ್ಲಿ.

ಒಪಿಡಿ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಆಸ್ಪತ್ರೆ ಯಾರ್ಯಾರದು ಎಂದು ಗೊತ್ತಾಗುತ್ತದೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವರು, ಕುರುಗೋಡಿನ ಕೂಲಿಯವರು, ಸಂಡೂರಿನ ಗಣಿ ಕಡೆಯವರು, ತೋರಣಗಲ್ಲು ರಸ್ತೆಯಲ್ಲಿ ಬೈಕಿನಿಂದ ಬಿದ್ದವರು. ಮೊಳಕಾಲ್ಮೂರಿನವರೂ ಇರುತ್ತಾರೆ. ಗಡಿ ಆಚೆಯ ರಾಯದುರ್ಗ, ಗುಂತಕಲ್, ಆಲೂರಿನಿಂದ ತೆಲುಗಿನಲ್ಲಿ ಮಾತಾಡುತ್ತಾ ಬರುವವರೂ ಕಡಿಮೆಯಿಲ್ಲ. 1953ರವರೆಗೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತಲ್ಲ! ರಾಜ್ಯದ ಗಡಿ ಬದಲಾಯಿತು, ರೋಗಿಯ ದಾರಿ ಬದಲಾಗಲಿಲ್ಲ.

ಕಲಿಸುವ ಆಸ್ಪತ್ರೆ ಅಂದ್ರೆ ಏನು?

ಮಂಗಳೂರು, ಉಡುಪಿ ಕಡೆಯ ನಮ್ಮ ಮನೆಗಳಿಗೆ ಮೆಡಿಕಲ್ ಕಾಲೇಜು ಹೊಸದಲ್ಲ. ಅಲ್ಲಿ ಬಹುತೇಕ ಎಲ್ಲವೂ ಖಾಸಗಿ. ಸರ್ಕಾರದ ವೆನ್ಲಾಕ್ ಆಸ್ಪತ್ರೆಯಲ್ಲೂ 1950ರ ದಶಕದಿಂದ ಕಲಿಯುತ್ತಾ, ಸೇವೆ ಕೊಡುತ್ತಾ ಬಂದವರು ಖಾಸಗಿ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು. ಬಳ್ಳಾರಿಯಲ್ಲಿ ಹಾಗಲ್ಲ, ಕಾಲೇಜೂ ಸರ್ಕಾರದ್ದು, ಆಸ್ಪತ್ರೆಯೂ ಸರ್ಕಾರದ್ದು.

ಇಂಥ ಆಸ್ಪತ್ರೆಯಲ್ಲಿ ನಮ್ಮವರಿಗೆ ಕಿರಿಕಿರಿಯಾಗುವ ವಿಷಯವೊಂದಿದೆ. "ಒಬ್ಬ ಬಂದು ಕೇಳ್ತಾನೆ, ಇನ್ನೊಬ್ಬಳು ಬಂದು ಅದನ್ನೇ ಕೇಳ್ತಾಳೆ, ನಾವೇನು ಪಾಠದ ಪುಸ್ತಕವಾ?" ಅನ್ನುತ್ತಾರೆ. ಸಿಟ್ಟು ಬರುವುದು ಸಹಜವೇ. ಆದರೆ ಅಲ್ಲಿಯ ಕ್ರಮ ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಎಂಬಿಬಿಎಸ್ ಪರೀಕ್ಷೆ ಪಾಸಾದವರು ಒಂದು ವರ್ಷ ಹೌಸ್ ಸರ್ಜನ್ ಆಗಿ ವಿಭಾಗದಿಂದ ವಿಭಾಗಕ್ಕೆ ಸುತ್ತಿ ದುಡಿಯುತ್ತಾರೆ. ಅವರ ಮೇಲೆ ಪಿಜಿ ಡಾಕ್ಟರು, ಅವರ ಮೇಲೆ ಪ್ರೊಫೆಸರುಗಳು. ರಾತ್ರಿ ಎರಡು ಗಂಟೆಗೆ ಮೊದಲು ಕೈ ಹಿಡಿದು ನೋಡುವವರು ಈ ಎಳೆಯರೇ. ಒಬ್ಬರಿಗೆ ಹೇಳಲು ಮರೆತದ್ದು ಇನ್ನೊಬ್ಬರು ಕೇಳಿದಾಗ ನೆನಪಾಗುವುದೂ ಉಂಟು. ಹುಡುಗನ ತಂದೆಗೆ ಹಳೆಯ ಬಿಪಿ ಇತ್ತು, ಮಾತ್ರೆ ಬಿಟ್ಟಿದ್ದರು. ಆ ವಿಷಯ ಹೊರಬಿದ್ದದ್ದು ಮೂರನೆಯವರು ಕೇಳಿದಾಗ!

ನಮಗೂ ಹಕ್ಕಿದೆ. ಯಾಕೆ ಪರೀಕ್ಷೆ ಮಾಡುತ್ತಿದ್ದೀರಿ ಎಂದು ಕೇಳಬಹುದು. ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳಬಹುದು. ಕೇಳುವುದು ಜಗಳವಲ್ಲ.

ಹೊಗಳಿಕೆ ಮಾತ್ರ ಸಾಲದು

ಎಲ್ಲ ಸರಿಯಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ವಿಮ್ಸ್‌ನ ತೀವ್ರ ನಿಗಾ ಘಟಕದಲ್ಲಿ ಕರೆಂಟ್ ಕೈಕೊಟ್ಟ ದಿನ ರೋಗಿಗಳು ತೀರಿಕೊಂಡ ವಿಷಯ ವಿಧಾನಸಭೆಯವರೆಗೆ ಹೋಯಿತು, ಸರ್ಕಾರ ತನಿಖೆ ಮಾಡಿಸಿತು. ಸಾವಿಗೆ ಕರೆಂಟೇ ಕಾರಣವೇ ಎಂಬ ವಾದ ಏನೇ ಇರಲಿ, ಐಸಿಯುನಲ್ಲಿ ದೀಪ ಆರಬಾರದಿತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸರಣಿ ಸಾವು ಇಡೀ ರಾಜ್ಯವನ್ನು ನಡುಗಿಸಿತು. ಆಗ ಸರ್ಕಾರವೇ ಡ್ರಿಪ್‌ಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯಪಟ್ಟಿತು. ಆ ಮನೆಗಳ ತಾಯಿಯಿಲ್ಲದ ಕೂಸುಗಳನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ಹಾಗಂತ ಸರ್ಕಾರಿ ಆಸ್ಪತ್ರೆಯೇ ಬೇಡ ಎನ್ನೋಣವೇ? ಸಾಲ ಮಾಡಿ, ಒಡವೆ ಅಡವಿಟ್ಟು ಎಷ್ಟು ಮನೆಯವರು ಖಾಸಗಿಗೆ ಹೋಗಲಾದೀತು? ಕೊರೋನಾ ಕಾಲದಲ್ಲಿ ವಿಮ್ಸ್‌ನ ಟ್ರಾಮಾ ಕೇರ್ ಕಟ್ಟಡವೇ ಕೋವಿಡ್ ವಾರ್ಡಾಗಿ ಜಿಲ್ಲೆಯ ಜನರ ಜೀವ ಉಳಿಸಿದ್ದನ್ನು ನಾವು ಕಂಡಿದ್ದೇವೆ. ಇದು ನಮ್ಮದೇ ಆಸ್ಪತ್ರೆ. ನಮ್ಮದಾದ್ದರಿಂದಲೇ ಕೆಟ್ಟಾಗ ಕೇಳಬೇಕು, ಇದ್ದಾಗ ಬಳಸಬೇಕು.

ಮನೆಯಲ್ಲಿ ನೆನಪಿಡಬೇಕಾದ್ದು

ಬಾಯಿ ಸೊಟ್ಟವಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಗಡಿಯಾರ ನೋಡಿ, ಕೂಡಲೇ ಹೊರಡಿ. 108ಕ್ಕೆ ಫೋನ್ ಮಾಡಿ. ಗಂಟಲಿಗೆ ನೀರು, ಮಾತ್ರೆ ಹಾಕಬೇಡಿ, ನುಂಗಲಾಗದೆ ಶ್ವಾಸನಾಳಕ್ಕೆ ಇಳಿದೀತು. ಊದಿದ ನೀರನ್ನೂ ಆಗ ಕುಡಿಸಬೇಡಿ, ದುಆ ದಾರಿಯಲ್ಲೂ ಮಾಡಬಹುದು.

ರೇಷನ್ ಕಾರ್ಡು, ಆಧಾರ್, ಹಳೆಯ ಚೀಟಿ, ಈಗ ತಿನ್ನುತ್ತಿರುವ ಮಾತ್ರೆ ಎಲ್ಲ ಒಂದೇ ಚೀಲದಲ್ಲಿ ಇಟ್ಟಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಯೋಜನೆಯ ದರದ ಶೇ. 30ರಷ್ಟು, 1.5 ಲಕ್ಷದವರೆಗೆ. ಕಾಯಿಲೆ ಬಂದ ಮೇಲೆ ಕಾರ್ಡಿಗೆ ಓಡುವುದಲ್ಲ, ಮೊದಲೇ ಮಾಡಿಸಿಡಿ.

ಅರಬಿಯಲ್ಲಿ 'ಖೌಲ್' ಅಂದರೆ ಮಾತು. ಕನ್ನಡದ ಹಳೆಯ ಕಂದಾಯ ಕಾಗದಗಳಲ್ಲಿ ಅದೇ 'ಕೌಲು' ಆಗಿ, ಕೊಟ್ಟ ಮಾತು, ಕರಾರು ಎಂಬ ಅರ್ಥ ಪಡೆಯಿತು. ಬಡವರನ್ನು ನೋಡಿಕೊಳ್ಳುತ್ತೇವೆಂದು ಸರ್ಕಾರ 1961ರಲ್ಲಿ ಕೊಟ್ಟ ಮಾತು ಉಳಿಯಬೇಕು. ನಮ್ಮ ಕಡೆಯಿಂದಲೂ ಒಂದು ಮಾತು ಬಾಕಿಯಿತ್ತು. ಚಿಕಿತ್ಸೆ ಮಾಡಿಕೊಳ್ಳಬೇಕೆಂದು ಪ್ರವಾದಿಯವರು ಹೇಳಿದ್ದನ್ನು ಮಕ್ಕಳಿಗೆ ಕಲಿಸುವವರು ನಾವೇ. ಆದರೂ ಆ ರಾತ್ರಿ ತಡವರಿಸಿದೆವು.

ಈಗ ಯಾರಾದರೂ ಬಾಟಲಿ ಹಿಡಿದು ಬಂದರೆ ಮೊದಲು ಕೇಳುವುದು, "ಏನಾಗೇತಿ, ಯಾವಾಗ ಶುರುವಾತು?" ಅಂತ. ಆಟೋಗೆ ಹೇಳಿ ಕಳಿಸುತ್ತೇವೆ, ಆಮೇಲೆ ಓದುತ್ತೇವೆ. ಆ ಹುಡುಗ ಈಗಲೂ ಓದಲು ಬರುತ್ತಾನೆ. ಅವನ ತಂದೆ ಎಡಗೈಯಲ್ಲಿ ಬಟ್ಟೆ ಮಡಚುವ ಕೆಲಸ ಹಿಡಿದಿದ್ದಾರೆ. ಸಲಾಂ ಹೇಳುವಾಗ ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ನಮ್ಮ ಕೈಗೆ ಕೊಡುತ್ತಾರೆ.