ಮನೆ ಹಿಂದಿನ ಗುಡ್ಡವೇ ಭೂಗೋಳ ಪಾಠ

ಕಾಸರಗೋಡು: 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ನೆಲಕ್ಕೆ ಆ ಗಡಿಗೆರೆ ಗೊತ್ತಿಲ್ಲ. ಇದನ್ನು ಮಕ್ಕಳಿಗೆ ತಿಳಿಸಲು ಭೂಪಟಕ್ಕಿಂತ ಒಂದು ಸುರಂಗ ಸಾಕು.

ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದರೆ ಒಸರುವ ನೀರು ತಾನಾಗಿಯೇ ಹರಿದು ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಬಾಯಾರು, ಎಣ್ಮಕಜೆ ಕಡೆ ಎಷ್ಟೋ ಅಡಿಕೆ ತೋಟಗಳಿಗೆ ಇದೇ ನೀರು. ಗಡಿಯಾಚೆ ದಕ್ಷಿಣ ಕನ್ನಡದ ಅಡ್ಯನಡ್ಕದಲ್ಲಿ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡಕ್ಕೆ ಸುರಂಗ ಕೊರೆದು ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಪಡೆದರು.

ಬೋರ್‌ವೆಲ್ ಬಂದ ಮೇಲೆ ಹೊಸ ಸುರಂಗ ಕೊರೆಯುವವರು ಕಮ್ಮಿ. ನಮ್ಮ ಸುರಂಗ ಎಷ್ಟು ಕೋಲು ಉದ್ದ, ಕೊರೆದದ್ದು ಯಾರು, ಬೇಸಿಗೆಯಲ್ಲೂ ನೀರುಂಟಾ? ಮಕ್ಕಳು ಅಜ್ಜನನ್ನು ಕೇಳಿ ಬರೆದು ತರಲಿ. ಬಲ್ಲವರು ಇರುವಾಗಲೇ ಈ ಪಾಠ ಆಗಬೇಕು.