ಪಿತ್ತನಾಳದ ಕ್ಯಾನ್ಸರ್: ರಿಪೋರ್ಟಿನ ಅಂಕಿಯನ್ನು ಓದುವುದು ಹೇಗೆ?



ಅಪರಾತ್ರಿಯಲ್ಲಿ ಊರಿನಿಂದ ಫೋನ್ ಬಂದರೆ ನಮ್ಮೆಲ್ಲರ ಎದೆ ಝಲ್ಲೆನ್ನುತ್ತದೆ. "ಅಪ್ಪನಿಗೆ ಕಾಮಾಲೆ, ಪಿತ್ತನಾಳದಲ್ಲಿ ಗಡ್ಡೆ ಇರಬಹುದಂತೆ, ಸಿ.ಎ. 19-9 ಎಂಟುನೂರು ಬಂದಿದೆ" ಎಂದರೆ, ಇಲ್ಲಿ ಕುಳಿತ ನಾವು ಇಂಟರ್‌ನೆಟ್ ಜಾಲಾಡಿ, ಸಾಮಾನ್ಯ ಮಿತಿ 37 ಎಂದು ಓದಿ ಕೈಚೆಲ್ಲುತ್ತೇವೆ. ಅಷ್ಟು ಬೇಗ ಕೈಚೆಲ್ಲಬೇಕಾಗಿಲ್ಲ.

ಯಕೃತ್ತಿನ ಪಿತ್ತರಸವನ್ನು ಸಣ್ಣ ಕರುಳಿಗೆ ಒಯ್ಯುವ ಕೊಳವೆಯೇ ಪಿತ್ತನಾಳ. ಇದರ ಕ್ಯಾನ್ಸರ್ ಬಹಳ ದಿನ ಸದ್ದಿಲ್ಲದೆ ಬೆಳೆಯುತ್ತದೆ. ಆದ್ದರಿಂದಲೇ ರೋಗದ ಮುಂದಿನ ಗತಿಯನ್ನು ತಿಳಿಸುವ ಸೂಚಕಗಳಿಗೆ ಇಷ್ಟು ಮಹತ್ವ. ಸಿ.ಎ. 19-9 ಅನ್ನು ಗುರುತಿಸುವ ಪ್ರತಿಕಾಯವನ್ನು 1979ರಲ್ಲಿ ವರದಿ ಮಾಡಿದವರು ಫಿಲಡೆಲ್ಫಿಯಾದ ವಿಸ್ಟರ್ ಸಂಸ್ಥೆಯ ಹಿಲರಿ ಕೊಪ್ರೋವ್ಸ್ಕಿ ಮತ್ತು ಸಂಗಡಿಗರು. ನಿಜ ಹೇಳಬೇಕೆಂದರೆ ಇದು ಪ್ರೋಟೀನ್ ಅಲ್ಲ, ಪ್ರೋಟೀನಿಗೆ ಅಂಟಿಕೊಂಡಿರುವ ಸಕ್ಕರೆಯ ಸರಪಳಿ.

ತೊಡಕು ಇರುವುದು ಇಲ್ಲಿಯೇ. ಆರೋಗ್ಯವಂತ ಪಿತ್ತನಾಳದ ಜೀವಕೋಶಗಳೂ ಇದನ್ನು ತಯಾರಿಸುತ್ತವೆ. ನಾಳ ಕಟ್ಟಿಕೊಂಡರೆ ಅದು ಹೊರಹೋಗಲಾರದೆ ರಕ್ತಕ್ಕೆ ಸೇರುತ್ತದೆ. ಬರೀ ಕಲ್ಲು ಸಿಕ್ಕಿಕೊಂಡಿದ್ದರೂ, ಸೋಂಕಿದ್ದರೂ ಅಂಕಿ ನೂರಾರಕ್ಕೆ ಏರಬಹುದು. ಹಾಗಾಗಿ ಸ್ಟೆಂಟ್ ಹಾಕಿ, ಕಾಮಾಲೆ ಇಳಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಆಗಲೂ ಅಂಕಿ ಮೇಲೆಯೇ ನಿಂತಿದ್ದರೆ ಚಿಂತೆಯ ಸಂಗತಿ. ಕ್ಯಾನ್ಸರ್ ಖಚಿತವಾದವರಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ಇದು ಬಹಳ ಹೆಚ್ಚಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು; ಚಿಕಿತ್ಸೆಯ ನಂತರ ಇಳಿದರೆ ಅದು ಒಳ್ಳೆಯ ಲಕ್ಷಣ.

ಅಂಕಿ ಕಡಿಮೆ ಇದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ನೂರಕ್ಕೆ 5ರಿಂದ 10 ಜನರ ದೇಹ ಹುಟ್ಟಿನಿಂದಲೇ ಈ ಸಕ್ಕರೆಯನ್ನು ತಯಾರಿಸುವುದೇ ಇಲ್ಲ. ಅವರಲ್ಲಿ ಗಡ್ಡೆ ಎಷ್ಟೇ ದೊಡ್ಡದಿರಲಿ, ರಿಪೋರ್ಟ್ ಸುಮ್ಮನಿರುತ್ತದೆ!

ರಕ್ತದ ಆಲ್ಬುಮಿನ್ ಪ್ರೋಟೀನ್ ಕಡಿಮೆಯಿರುವುದೂ ಒಳ್ಳೆಯ ಸೂಚನೆಯಲ್ಲ. ಆದರೆ ವಾರಗಟ್ಟಲೆ ಊಟ ಸೇರದವರಲ್ಲಿ, ಸೋಂಕಿನಿಂದ ನರಳುವವರಲ್ಲಿ ಅದು ಹೇಗೂ ಇಳಿದಿರುತ್ತದೆ.

ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲ ಪ್ರೋಟೀನ್ ಇರುವುದು ರಕ್ತದಲ್ಲಲ್ಲ, ಗಡ್ಡೆಯ ತುಣುಕಿನಲ್ಲಿ. ಸ್ತನ ಕ್ಯಾನ್ಸರಿನಿಂದ ನಮಗೆ ಪರಿಚಿತವಾದ ಹರ್-2 ಪ್ರೋಟೀನ್ ಪಿತ್ತನಾಳದ ಕೆಲವು ಗಡ್ಡೆಗಳಲ್ಲೂ ಅತಿಯಾಗಿರುತ್ತದೆ. ಅಂಥವರಲ್ಲಿ, ಮೊದಲ ಚಿಕಿತ್ಸೆಯ ನಂತರವೂ ರೋಗ ಮುಂದುವರಿದಿದ್ದು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಿದ್ದರೆ ಬಳಸಲು ಜಾನಿಡಾಟಮಾಬ್ ಎಂಬ ಔಷಧಿಗೆ ಅಮೆರಿಕದ ಎಫ್.ಡಿ.ಎ. 2024ರ ನವೆಂಬರಿನಲ್ಲಿ ತ್ವರಿತ ಅನುಮತಿ ನೀಡಿತು.

ಆದ್ದರಿಂದ ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅಂಕಿ ಎಷ್ಟೆಂದು ಕೇಳಿ ಸುಮ್ಮನಾಗಬೇಡಿ. ಆ ದಿನ ಬಿಲಿರುಬಿನ್ ಎಷ್ಟಿತ್ತು, ಸ್ಟೆಂಟ್ ಹಾಕುವ ಮೊದಲಿನದೋ ನಂತರದ್ದೋ, ಬಯಾಪ್ಸಿ ತುಣುಕಿನಲ್ಲಿ ಹರ್-2 ನೋಡಿದ್ದಾರೆಯೇ ಎಂದು ವೈದ್ಯರನ್ನು ವಿಚಾರಿಸಲು ಮನೆಯವರಿಗೆ ತಿಳಿಸಿ.